ಮಾಳಿಗೆಯ ಮೇಲೆ ಮೂವತ್ತು ದಿನ

ತಿಂಗಳ ಮೊದಲ ರವಿವಾರ ನಾನು ಕಪಾಟು ಒರೆಸುತ್ತೇನೆ. ಈ ಸಲ, ಎಂದೂ ಮುಟ್ಟದ ಕೆಳಗಿನ ಖಾನೆಯಲ್ಲಿ ನನ್ನದೇ ಎದೆಯ ಎಕ್ಸ್‌ರೇ ಹಾಳೆ ಸಿಕ್ಕಿತು, ಜೊತೆಗೊಂದು ನೋಟ್‌ಬುಕ್ಕು. ಹಾಳೆಯಲ್ಲಿ ಪಕ್ಕೆಲುಬುಗಳ ಮೇಲೆ ಸೂಜಿಯಿಂದ ಗೀರಿದ ಸಣ್ಣ ಗೆರೆಗಳು. ಅಷ್ಟು ನೇರವಾಗಿ ಗೀರಬಲ್ಲವರು ಬ್ಯಾಡಗಿಯ ನಮ್ಮ ಓಣಿಯಲ್ಲಿ ಒಬ್ಬರೇ ಇದ್ದರು, ಎದುರು ಮನೆಯ ಲೈನ್‌ಮನ್.

ಕಂಬ ಹತ್ತಿ ಇಳಿದೇ ನಿವೃತ್ತರಾದವರು. ಲೈನ್ ಬಂದ್ ಮಾಡಿದ್ದೇವೆ ಎಂದು ಆಫೀಸಿನವರು ಹೇಳಿದರೂ ಟೆಸ್ಟರ್ ಹಚ್ಚದೆ ತಂತಿ ಮುಟ್ಟುತ್ತಿರಲಿಲ್ಲ. ಆ ಶಿಸ್ತಿಗೇ ನಾನು ಅವರನ್ನು ಮೆಚ್ಚಿದ್ದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ನಿತ್ಯ ಸಂಜೆ ಐದೂವರೆಗೆ ನಮ್ಮ ಮಾಳಿಗೆಯ ಮೇಲೆ ಇಬ್ಬರದೂ ಚಹಾ. ನಿವೃತ್ತಿಯ ನಂತರ ಅವರ ಕೈಗೆ ಮೊಬೈಲ್ ಬಂತು. ಒಂದು ಸಂಜೆ, ಭೂಮಿ ಚಪ್ಪಟೆಯಾಗಿದೆ ಎಂದರು. ನಾನು ನಕ್ಕೆ.

“ಹಂಗಾರ ಸೂರ್ಯ ಎದರಿಂದ ಉರೀತಾನ ಹೇಳ್ರಿ.”

“ಉರಿಯೂದಿಲ್ರಿ ಮಾಸ್ತರ, ಬೆಳಗ್ತಾನ. ಉರಿಯೂದಾಗಿದ್ರ ಇಷ್ಟೊತ್ತಿಗೆ ಬೂದಿ ಆಗ್ತಿದ್ದ. ಅಲ್ಲಿ ಕಟ್ಟಿಗಿ ಒಟ್ಟಾವರು ಯಾರು? ಅದೊಂದು ಸಣ್ಣ ದೀಪ, ನಮ್ಮ ತಲಿ ಮ್ಯಾಲ ಸುತ್ತತೈತಿ. ನೆಲದ ನಡುವ ದೊಡ್ಡ ಅಯಸ್ಕಾಂತ, ಮ್ಯಾಲ ಗುಮ್ಮಟ. ಎರಡರ ನಡುವ ಕರೆಂಟ್ ಹರೀತೈತಿ.”

“ವೈರ್ ಎಲ್ಲೈತ್ರಿ?”

“ಮಿಂಚಿಗೆ ಯಾವ ಲೈನ್‌ಮನ್ ವೈರ್ ಎಳದಾನ್ರಿ?”

ಸೂರ್ಯನೊಳಗೆ ಪರಮಾಣುಗಳು ಕೂಡಿ ಶಕ್ತಿ ಹುಟ್ಟುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು. ಅದನ್ನೇ ಹೇಳಿದೆ. “ನೀವು ನೋಡೀರೇನು?” ಎಂದರು. ನೋಡಿರಲಿಲ್ಲ... ಸಿಟ್ಟು ಬಂತು.

“ಹಂಗಾರ ಟೆಸ್ಟರ್ ಹಚ್ಚಿ ನೋಡ್ರಿ!”

ಸೂರ್ಯ ಹತ್ತಿರದ ದೀಪವೇ ಆಗಿದ್ದರೆ, ಸಂಜೆ ದೂರ ಸರಿದಾಗ ಸಣ್ಣದಾಗಿ ಕಾಣಬೇಕು. ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಅದರ ಅಗಲ ಅಳೆದು ಬರೆದಿಡಬೇಕು. ಮೂವತ್ತು ದಿನ ತಪ್ಪಿಸಬಾರದು. ಅಲ್ಲಿಯವರೆಗೆ ಈ ಮಾತೂ ಬೇಡ, ಚಹಾವೂ ಬೇಡ. ಇಷ್ಟು ಹೇಳಿ ನನ್ನ ಎಕ್ಸ್‌ರೇ ಹಾಳೆ ಕೈಗಿಟ್ಟೆ. ಗ್ರಹಣದ ದಿನ ಇಂಥ ಹಾಳೆಯಿಂದ ನೋಡಬೇಡಿ ಎಂದು ಮಕ್ಕಳನ್ನು ಗದರಿಸುತ್ತಿದ್ದವನೂ ನಾನೇ. ಆಗ ಅದು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಕ್ಷಣ ನೋಡಿದರೆ ಏನಾದೀತು ಎಂದುಕೊಂಡೆ.

ಮೆಣಸಿನಕಾಯಿ ಒಣಗುವ ಕಾಲ. ಓಣಿಯೆಲ್ಲ ಘಾಟು. ಅವರು ತಮ್ಮ ಮಾಳಿಗೆಯ ಮೇಲೆ ಕೈ ಚಾಚಿ, ಹಾಳೆ ಹಿಡಿದು, ಅಳತೆಗೆಂದು ತಾವೇ ಗೀರಿಕೊಂಡ ಗೆರೆ ಎಣಿಸುತ್ತ ಬಹಳ ಹೊತ್ತು ನಿಲ್ಲುತ್ತಿದ್ದರು. ಕೆಳಗಿಳಿದಾಗ ಕಣ್ಣಲ್ಲಿ ನೀರು. ಘಾಟಿಗೆ ಎಂದು ಅವರೂ ತಿಳಿದರು, ನಾನೂ ತಿಳಿದೆ...

ಮೂವತ್ತೊಂದನೆಯ ದಿನ ಐದೂವರೆಗೆ ಎರಡು ಕಪ್ ಚಹಾ ಇಟ್ಟುಕೊಂಡು ಕುಳಿತೆ. ಬಂದವರು ಅವರ ಹೆಂಡತಿ. ಹಾಳೆಯನ್ನೂ ನೋಟ್‌ಬುಕ್ಕನ್ನೂ ಕೊಟ್ಟರು.

“ನೀವು ಹೇಳಿದ ಕೆಲಸ ಮುಗೀತಂತ್ರಿ. ನನ್ನ ಮಾರಿ ನೋಡಿದ್ರ ನಡುವ ಕರೀ ಮಚ್ಚಿ ಕಾಣತೈತಂತ. ಮೂಗು, ಬಾಯಿ ಏನೂ ಕಾಣವಲ್ದಂತ್ರಿ.”

ಕಣ್ಣಿನ ಒಳಪದರ ಸುಟ್ಟಿದೆ, ಔಷಧವಿಲ್ಲ ಎಂದರು ಹಾವೇರಿಯ ಡಾಕ್ಟರು. ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಲೈನ್‌ಮನ್ ಒಂದೇ ಮಾತಾಡಿದರು.

“ಸೂರ್ಯ ಉರಿಯೂದಿಲ್ಲಂತ ನಾ ಅಂದಿದ್ನೆಲ್ರಿ ಮಾಸ್ತರ... ಮತ್ತ ನನ್ನ ಸುಟ್ಟವರು ಯಾರು?”

ನಾನು ಕಿಟಕಿಯ ಹೊರಗೆ ನೋಡಿದೆ. ಆಮೇಲೆ ಅವರು ಮಾಳಿಗೆ ಹತ್ತಲಿಲ್ಲ. ನಾನೂ ಕರೆಯಲಿಲ್ಲ. ಅವರು ತೀರಿಕೊಂಡು ಈಗ ಎರಡು ವರ್ಷ.

ನೋಟ್‌ಬುಕ್ಕನ್ನು ಇವತ್ತೇ ಮೊದಲ ಸಲ ತೆರೆದೆ. ಮೊದಲ ದಿನ: ಮಧ್ಯಾಹ್ನ ಐದು ಗೆರೆ, ಸಂಜೆ ಐದು ಗೆರೆ. ಕೆಳಗೆ ದುಂಡಗಿನ ಅಕ್ಷರ: “ಸಣ್ಣದಾಗಲಿಲ್ಲ. ಮಾಸ್ತರ ಹೇಳಿದ್ದು ಖರೇ.”

ಉತ್ತರ ಮೊದಲ ದಿನವೇ ಸಿಕ್ಕಿತ್ತು. ನಾನು ಮೂವತ್ತು ಎಂದಿದ್ದೆ. ಉಳಿದ ಇಪ್ಪತ್ತೊಂಬತ್ತು ದಿನವೂ ಐದು, ಐದು. ಕೊನೆಯ ಪುಟಗಳಲ್ಲಿ ಅಂಕಿಗಳು ಗೆರೆ ಬಿಟ್ಟು ಎಲ್ಲೆಲ್ಲಿಗೋ ಇಳಿದಿವೆ...