ಡಿಸ್ಕ್ ಜಾಗದಲ್ಲಿ ಕಲ್ಲುಸಕ್ಕರೆ

ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಹಾರ್ಡ್ ಡಿಸ್ಕ್ ಇರಬೇಕಾದ ಜಾಗದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಹಿಡಿ ಕಲ್ಲುಸಕ್ಕರೆ! ನಾವು ಮೂವರೂ ಐಟಿಯವರು, ಮುಖ ಮುಖ ನೋಡಿಕೊಂಡೆವು.

ಹಿಕ್ಸ್‌ವಿಲ್‌ನ ನಮ್ಮ ಭಾನುವಾರದ ಕನ್ನಡ ತರಗತಿಗೆ ಶಾಂತಾ ಆಂಟಿ ಕೊಟ್ಟ ಕಂಪ್ಯೂಟರ್ ಅದು. ಆನ್ ಮಾಡಿದರೆ ಹಾರ್ಡ್ ಡಿಸ್ಕೇ ಸಿಗುತ್ತಿಲ್ಲ ಎನ್ನುತ್ತಿತ್ತು. ಒಂದು ಗಂಟೆ ಸೆಟ್ಟಿಂಗ್ ಬದಲಿಸಿದೆವು, ಹತ್ತಾರು ಸಲ ರೀಸ್ಟಾರ್ಟ್ ಮಾಡಿದೆವು, ಜಗಳವನ್ನೂ ಆಡಿದೆವು. ಮುಚ್ಚಳ ತೆಗೆದು ನೋಡೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ. ಸಾಫ್ಟ್‌ವೇರ್‌ನವರ ಬುದ್ಧಿ! ಕೊನೆಗೆ ಸ್ಕ್ರೂಡ್ರೈವರ್ ಹಿಡಿದರೆ ಈ ಸಕ್ಕರೆ.

ತಲೆಬುಡ ತಿಳಿಯದೆ ಆಂಟಿಗೆ ಫೋನ್ ಮಾಡಿದೆ.

“ಡಿಸ್ಕ್ ನಾನೇ ಬಿಚ್ಚಿಟ್ಕೊಂಡೆ ಕಣಪ್ಪ, ವಿಡಿಯೊ ನೋಡ್ಕೊಂಡು. ನಮ್ಮ ಯಜಮಾನ್ರು ಹಾಡಿದ್ದೆಲ್ಲ ಅದರಲ್ಲೇ ಇದೆ. ಅವರು ಹೋದ್ಮೇಲೆ ನಂಗೆ ಉಳಿದಿರೋದು ಅಷ್ಟೇ,” ಎಂದರು.

“ಮತ್ತೆ ಈ ಕಲ್ಲುಸಕ್ಕರೆ, ಆಂಟಿ?”

“ಪಾತ್ರೆ ವಾಪಸ್ ಕೊಡುವಾಗ್ಲೂ ಬರಿದಾಗಿ ಕೊಡಲ್ಲ ನಾವು. ಮಕ್ಕಳಿಗೆ ಇದನ್ನ ಖಾಲಿ ಹೇಗಪ್ಪ ಕೊಡ್ಲಿ?”

ಹೊಸ ಡಿಸ್ಕ್ ಹಾಕಿದ್ದೇವೆ, ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ. ಸಕ್ಕರೆ ಆವತ್ತೇ ಮಕ್ಕಳ ಬಾಯಲ್ಲಿ ಕರಗಿತು. ಹೋದ ವಾರ ನನ್ನದೊಂದು ಹಳೆಯ ಕಂಪ್ಯೂಟರನ್ನು ಪಕ್ಕದ ಮನೆಯವರಿಗೆ ಕೊಡಲೆಂದು ಡಿಸ್ಕ್ ಬಿಚ್ಚಿದೆ. ಮುಚ್ಚಳ ಹಾಕುವ ಮುನ್ನ, ಯಾಕೋ, ಎದ್ದು ಅಡುಗೆಮನೆಗೆ ಹೋದೆ.