ಒಬ್ಬಟ್ಟಿನ ಕಾವಲಿ ಕತ್ತರಿಸಿದ್ದು

ನನ್ನ ಬಲಗೈ ನಡುಗತೊಡಗಿ ಎರಡು ವರ್ಷವಾಗಿತ್ತು. ಅಪಾಯವೇನಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆಯವರು ಮಾತ್ರ ನನ್ನನ್ನು ಗಾಜಿನ ಲೋಟದಂತೆ ನೋಡಿಕೊಳ್ಳತೊಡಗಿದರು. ಸಾರಿನ ಪಾತ್ರೆಗೆ ಕೈ ಹಾಕಿದರೆ ಸಾಕು, ಯಾರಾದರೂ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಿಟ್ಟಿನಲ್ಲೇ, ಅಮೆರಿಕದ ಬ್ರಿಡ್ಜ್‌ವಾಟರ್‌ನ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿದ್ದ ಒಂದು ವೃತ್ತಿ ಶಾಲೆಯಲ್ಲಿ ಶನಿವಾರದ ಕಬ್ಬಿಣದ ಕೆಲಸದ ಕ್ಲಾಸಿಗೆ ಸೇರಿದೆ. ಅಲ್ಲಿ ಪ್ಲಾಸ್ಮಾ ಟಾರ್ಚ್ ಕೈಗೆ ಬಂತು. ಕರೆಂಟೂ ಒತ್ತಡದ ಗಾಳಿಯೂ ಸೇರಿ ಉಕ್ಕನ್ನು ಕರಗಿಸಿ ಕತ್ತರಿಸುವ ಸಾಧನ ಅದು. ಮೊದಲು ಪಟ್ಟಿ ಕತ್ತರಿಸಿ ಚಪ್ಪಲಿ ಸ್ಟ್ಯಾಂಡಿಗೆ ಕಾಲು ಮಾಡಿದೆ. ಪೈಪಿಗೆ ತೂತು ಮಾಡಿದೆ. ಹಳೆಯ ಗೇಟೊಂದರ ತುಕ್ಕು ಹಿಡಿದ ಬೋಲ್ಟು ಕೊಯ್ದು ತೆಗೆದೆ. ಬೇಗ ಎಳೆದರೆ ಕಿಡಿ ಮೇಲಕ್ಕೆ ಹಾರುತ್ತದೆ, ತೀರ ನಿಧಾನಿಸಿದರೆ ಕರಗಿದ ಉಕ್ಕು ಅಡಿಯಲ್ಲಿ ಗಟ್ಟಿಯಾಗಿ ಕಿಟ್ಟ ಕಟ್ಟುತ್ತದೆ. ಕಿಡಿ ಕೆಳಗೆ ಸುರಿಯುತ್ತಿದ್ದರೆ ವೇಗ ಸರಿ.

ಯುಗಾದಿಗೆ ಗೆಳತಿಯರೆಲ್ಲ ನಮ್ಮ ಮನೆಯಲ್ಲಿ ಸೇರಿ ಒಬ್ಬಟ್ಟು ಮಾಡುವುದು ರೂಢಿ. ಒಂದೇ ಸಲಕ್ಕೆ ಐದು ಒಬ್ಬಟ್ಟು ಬೇಯುವಂಥ ಕಾವಲಿಯನ್ನು ಈ ಸಲ ನಾನೇ ಮಾಡಿ ತರುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

"ನಿನಗ್ಯಾಕೆ ಈ ಉಸಾಬರಿ? ಆನ್‌ಲೈನ್ ಆರ್ಡರ್ ಮಾಡಿದ್ರೆ ಎರಡು ದಿನಕ್ಕೆ ಡೆಲಿವರಿ ಆಗುತ್ತೆ," ಎಂದರು ನನ್ನ ಗಂಡ.

"ಆಗುತ್ತೆ ರೀ. ಆದ್ರೆ ಅದು ನಾನು ಮಾಡಿದ್ದಾಗಲ್ಲ."

ಕ್ಲಾಸಿಗೆ ಎರಡು ದಪ್ಪ ಉಕ್ಕಿನ ಪ್ಲೇಟು ಒಯ್ದೆ. ಮೊದಲನೆಯದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದುಕೊಂಡೆ. ಟಾರ್ಚನ್ನು ನೇರ ಆ ಗೆರೆಯ ಮೇಲೇ ಇಟ್ಟು ಗುಂಡಿ ಒತ್ತಿದೆ. ನಲವತ್ತು ವರ್ಷ ರಂಗೋಲಿ ಹಾಕಿದ ಕೈ, ಗೆರೆ ಇರುವಲ್ಲೇ ಎಳೆ ಶುರು ಮಾಡಬೇಕೆಂದು ತಿಳಿದ ಕೈ. ಕರಗಿದ ಉಕ್ಕು ಎಗರಿ ಅಂಚಿನಲ್ಲಿ ಹೆಬ್ಬೆರಳಗಲದ ಗುಳಿ ಬಿತ್ತು. ಪ್ಲೇಟು ಹಾಳಾಯಿತು.

ವಯಸ್ಸಾದ ಅಮೆರಿಕನ್ ಮೇಷ್ಟ್ರು ಬಂದು ನೋಡಿದರು. ವೃತ್ತದ ಹೊರಗೆ, ಬೇಡದ ಭಾಗದಲ್ಲಿ ಮೊದಲು ತೂತು ಮಾಡಿ, ಟಾರ್ಚ್ ಉರಿಯುತ್ತಿರುವಾಗಲೇ ಗೆರೆಗೆ ಬಂದು ಸೇರಬೇಕು ಎಂದರು. ಉಳಿದದ್ದು ಒಂದೇ ಪ್ಲೇಟು, ಅಂದೇ ಕೊನೆಯ ಕ್ಲಾಸು. ನನ್ನ ಕೈಯ ಕಡೆ ನೋಡಿ, ತಾನೇ ಕತ್ತರಿಸಿ ಕೊಡಲೇ ಎಂದು ಮೆಲ್ಲಗೆ ಕೇಳಿದರು. ಒಳ್ಳೆಯ ಮನುಷ್ಯ. ಆದರೂ ಅವರ ಮೇಲೆ ಕೋಪ ಬಂತು. ಬೇಡ ಎಂದೆ.

ಟಾರ್ಚಿಗೆ ಆಸರೆಯಾಗಲೆಂದು ಅವರು ಕೊಟ್ಟ ದುಂಡನೆಯ ಮರದ ಹಲಗೆಯನ್ನು ಎರಡನೆಯ ಪ್ಲೇಟಿನ ವೃತ್ತದೊಳಗೆ ಬಿಗಿದೆ. ಎಡಗೈಯಿಂದ ಬಲ ಮಣಿಕಟ್ಟು ಹಿಡಿದೆ. ಗೆರೆಯಿಂದ ಎರಡು ಬೆರಳು ಆಚೆ ಶುರು ಮಾಡಿ, ಹಲಗೆಯ ಅಂಚಿಗೆ ಬಂದು, ಅದಕ್ಕೇ ಟಾರ್ಚು ತಾಗಿಸಿಕೊಂಡು ಮೇಜಿನ ಸುತ್ತ ಒಂದೊಂದೇ ಹೆಜ್ಜೆ ಸರಿದೆ. ಕಿಡಿ ಕೆಳಗೇ ಸುರಿಯುತ್ತಿತ್ತು. ಕೊನೆಗೆ ಹೊರಗಿನ ಉಕ್ಕು ಠಣ್ಣೆಂದು ಕಳಚಿ ಬಿತ್ತು.

ಕಿಟ್ಟ ಕೆತ್ತಿ, ಅಂಚು ಉಜ್ಜಿ ಮನೆಗೆ ತಂದೆ. ಗ್ಯಾರೇಜಿನಲ್ಲಿ ನನ್ನ ಗಂಡ ಅದರ ಅಂಚಿನ ಸುತ್ತ ಬೆರಳಾಡಿಸಿದರು.

"ಮೇಷ್ಟ್ರು ಕಟ್ ಮಾಡಿಕೊಟ್ರಾ?"

"ಇಲ್ಲ. ನಾನೇ."

"ಕೈ ನಡುಗಲಿಲ್ವಾ?"

"ನಡುಗ್ತಾನೇ ಇತ್ತು. ಆ ಕೈಯಲ್ಲೇ ಮಾಡಿದ್ದು."