ತಂಗಿಯ ದೋಣಿಯ ಹೊಗೆಕೊಳವೆ

ಟಿಣ್, ಟಿಣ್. ಒಂದು ಕ್ಷಣ ಬಿಟ್ಟು ಮತ್ತೆ ಟಿಣ್. ಗಾಳಿಗೆ ಹಗ್ಗಗಳು ದೋಣಿಗಳ ಅಲ್ಯೂಮಿನಿಯಂ ಕಂಬಗಳಿಗೆ ಬಡಿಯುತ್ತಿದ್ದ ಸದ್ದು ಅದು. ಮೊದಲ ದಿನ ಸಂಜೆ ಕಣ್ಣು ಮುಚ್ಚಿ ಕೂತಿದ್ದಾಗ, ಪಿರಿಯಾಪಟ್ಟಣದ ಕಡೆಯ ನಮ್ಮೂರಿಗೆ ದನಗಳು ವಾಪಸು ಬರುತ್ತಿವೆಯೇನೋ ಅನ್ನಿಸಿಬಿಟ್ಟಿತು. ಕಣ್ಣು ತೆರೆದರೆ ಮಳೆ, ಬೂದು ಬಣ್ಣದ ಸಮುದ್ರ, ಸ್ಕಾಟ್ಲೆಂಡಿನ ಒಂದು ಪುಟ್ಟ ಬಂದರು.

ನಾನು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕಲ್ಲ, ತಂಗಿಯನ್ನು ಕರೆತರುವುದಕ್ಕೆ. ಅವಳು ಆ ದೇಶದಲ್ಲಿ ನರ್ಸಾಗಿದ್ದು ರಿಟೈರ್ ಆದವಳು. ದೋಣಿ ರಿಪೇರಿ ಮಾಡುತ್ತಿದ್ದ ಅಲ್ಲಿಯವನೊಬ್ಬನನ್ನೇ ಮದುವೆಯಾಗಿದ್ದಳು. ಮಕ್ಕಳಿಲ್ಲ. ಆತ ತೀರಿಕೊಂಡ ಮೇಲೂ ಆತ ಬಿಟ್ಟುಹೋದ ದೋಣಿಯಲ್ಲೇ ವಾಸ. ಊರಿನಲ್ಲಿ ಜಮೀನು ನೋಡಿಕೊಳ್ಳುವ ನಮ್ಮ ತಮ್ಮನಿಗೆ ಅದೊಂದು ಕೊರಗು. ಮನೆ ಪಕ್ಕದಲ್ಲಿ ಅವಳಿಗೆಂದೇ ರೂಮು ಕಟ್ಟಿಸಿದ, ಕಮೋಡ್ ಹಾಕಿಸಿದ. ಆಮೇಲೆ ಹುಣಸೂರಿಗೆ ನನ್ನ ಮನೆಗೆ ಬಂದು ಕೂತ.

"ಅಕ್ಕ, ನೀನ್ ಓದ್ಕಂಡಿರೋಳು, ನೀನೇಳಿದ್ರೆ ಕೇಳ್ತಾಳೆ. ಒಬ್ಳೇ ನೀರ್ ಮ್ಯಾಲವ್ಳೆ ಅಂದ್ರೆ ನಂಗೆ ಅನ್ನ ಇಳಿಯಾಕಿಲ್ಲ ಕಣಕ್ಕ. ಕರ್ಕಂಬಾ."

ಹೀಗೆ ಎರಡು ತಿಂಗಳು ನಾನೂ ದೋಣಿವಾಸಿಯಾದೆ. ಬೆಳಗ್ಗೆ ಸಮುದ್ರ ಏರಿದಾಗ ದಡಕ್ಕೆ ಹೋಗುವ ಹಲಗೆ ಚಪ್ಪಟೆಯಾಗಿರುತ್ತಿತ್ತು. ಮಧ್ಯಾಹ್ನ ನೀರು ಇಳಿದರೆ ಅದೇ ಹಲಗೆ ಬೆಟ್ಟದ ಮೆಟ್ಟಿಲಿನ ಹಾಗೆ ನಿಲ್ಲುತ್ತಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತೀಡಿ ಕಲಿಸಿದ ನನ್ನ ಇಂಗ್ಲಿಷು ಅಲ್ಲಿ ಉಪಯೋಗಕ್ಕೇ ಬರಲಿಲ್ಲ. ಬ್ರೆಡ್ ಅಂಗಡಿಯಾಕೆ ಮಾತಾಡಿದರೆ ಬಾಯಲ್ಲಿ ಬೆಣಚುಕಲ್ಲು ಉರುಳಿಸಿದಂತೆ. "ಪಾರ್ಡನ್?" ಎಂದು ಕೇಳಿ ಕೇಳಿ ನನಗೇ ನಾಚಿಕೆಯಾಗುತ್ತಿತ್ತು. ಆದರೂ ಬೆಚ್ಚಗಿದ್ದೆವು. ಪುಟ್ಟ ಒಲೆಯ ಮೇಲೆ ಮುದ್ದೆ ತಿರುವಿ, ಹುರುಳಿ ಸಾರು ಮಾಡಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಉಣ್ಣುತ್ತಿದ್ದೆವು. ಅಷ್ಟು ಹತ್ತಿರ ನಾವಿಬ್ಬರೂ ಕೂತದ್ದು ಕಾನ್ವೆಂಟ್ ಹಾಸ್ಟೆಲಿನ ಬೆಂಚಿನ ಮೇಲೆಯೇ ಕೊನೆ.

ಊರಿಗೆ ಬರುವ ಮಾತೆತ್ತಿದರೆ ಮಾತ್ರ "ನೋಡಾಣ ಬುಡಕ್ಕ" ಅನ್ನುವಳು. ಬ್ರೆಡ್ಡೋ ಹಾಲೋ ನೆನಪಾಗಿ ಅಂಗಡಿಗೆ ಹೊರಟುಬಿಡುವಳು.

ಮೂರನೆಯ ವಾರ, ಅವಳು ಹಾಗೆ ಹೊರಟ ಒಂದು ಬೆಳಗ್ಗೆ ನಾನೊಂದು ಘನಕಾರ್ಯ ಮಾಡಿದೆ. ಆ ಮಳೆಯಲ್ಲಿ ಯಾವ ಬಟ್ಟೆಯೂ ಒಣಗುತ್ತಿರಲಿಲ್ಲ. ಸೀರೆಗಳಿಗೆಲ್ಲ ಬೂಷ್ಟು ವಾಸನೆ. ನಮ್ಮಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಸೊಪ್ಪು ಬೇಯಿಸಿ ಹದ ಮಾಡುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ರಜೆಗೆ ಬಂದಾಗ ನಾವಿಬ್ಬರೂ ಅದರ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟಿದವರೇ. ಮೊದಲು ಮೇಲಿನ, ಕೆಳಗಿನ ಕಿಂಡಿಗಳನ್ನು ಮುಚ್ಚಿ ಶಾಖ ಏರಲು ಬಿಡಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ತೆರೆದು ತೇವ ಹೊರಹಾಕಬೇಕು. ಅಪ್ಪನ ಲೆಕ್ಕ ನನಗೆ ಬಾಯಿಪಾಠ. ಹಗ್ಗ ಕಟ್ಟಿ ಸೀರೆ ಹರವಿದೆ, ಒಲೆಗೆ ಕಲ್ಲಿದ್ದಲು ತುಂಬಿದೆ, ದೋಣಿಯ ಗಾಳಿಕಿಂಡಿಗಳಿಗೆಲ್ಲ ಟವೆಲು ತುರುಕಿದೆ. ಸೈಂಟಿಫಿಕ್ ಮೆಥಡ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಕೂತೆ. ತಲೆ ಸ್ವಲ್ಪ ಭಾರ ಅನ್ನಿಸಿತು. ಕಣ್ಣು ಎಳೆಯುತ್ತಿತ್ತು.

ಗೋಡೆಯ ಮೇಲಿದ್ದ ಬಿಳಿ ಡಬ್ಬಿ ಕಿರುಚತೊಡಗಿತು. ಒಲೆಯ ವಿಷಗಾಳಿ ಒಳಗೆ ತುಂಬಿದರೆ ಕೂಗುವ ಡಬ್ಬಿ ಅದೆಂದು ನನಗೆ ಗೊತ್ತಾದದ್ದು ಆಮೇಲೆ. ಸೆರಗಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದೆ, ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ಎಳೆದು ತೆರೆದರು. ಪಕ್ಕದ ದೋಣಿಯ ಮುದುಕ, ಮೈಮೇಲೆ ಬನಿಯನ್, ಅರ್ಧ ಕೆನ್ನೆಗೆ ಶೇವಿಂಗ್ ನೊರೆ. ನನ್ನ ರಟ್ಟೆ ಹಿಡಿದು ಮಳೆಗೆ ಎಳೆದುಕೊಂಡರು. ಎದುರಿನ ನೀಲಿ ದೋಣಿಯಾಕೆ ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದಳು. ಆಚೆ ದೋಣಿಯ ಗಂಡ ಹೆಂಡತಿ ನಾಯಿ ಸಮೇತ ಬಂದರು. ಹಲಗೆಯ ಮೇಲೆ ಬ್ರೆಡ್ಡಿನ ಚೀಲ ಹಿಡಿದು ಓಡಿಬಂದ ತಂಗಿ ಒಳಗೆ ಇಣುಕಿ, ಅಷ್ಟೂ ಜನರ ಮುಂದೆ ಶುದ್ಧ ನಮ್ಮೂರ ಭಾಷೆಯಲ್ಲಿ ಶುರುಮಾಡಿದಳು.

"ಎಲ್ಲಾ ತೂತ್ಗೂ ಬಟ್ಟೆ ತುರ್ಕಿದ್ದೀಯಲ್ಲಕ್ಕ! ಇದೇನ್ ಅಪ್ಪನ ಬ್ಯಾರನ್ನಾ?"

"ಸೀರೆ ಒಣಗಲಿ ಅಂತ ಕಣೇ. ಮೊದಲು ಮುಚ್ಚಿ, ಆಮೇಲೆ ತೆಗೀಬೇಕಲ್ವಾ?"

"ಬ್ಯಾರನ್‌ಗೆ ಒಲೆ ಬಾಯಿ ಹೊರ್ಗಡೆ ಇರ್ತದೆ ಕಣಕ್ಕ! ಇಲ್ಲಿ ಒಲೇನೂ ಒಳಗೆ, ನೀನೂ ಒಳಗೆ. ಇನ್ನರ್ಧ ಗಂಟೆ ಬುಟ್ಟಿದ್ರೆ ಬೆಂದ ಸೊಪ್ಪಿನಂಗೆ ಒಳ್ಳೆ ಅಳದಿ ಬಣ್ಣಕ್ಕೆ ತಿರುಗಿರ್ತಿದ್ದೆ. ಫಸ್ಟ್ ಗ್ರೇಡು!"

ನಾನು ನಕ್ಕೆ. ಅವಳೂ ನಕ್ಕಳು. ಆದರೆ ಹಿಡಿದಿದ್ದ ನನ್ನ ಕೈಯನ್ನು ಮಾತ್ರ ಟೀ ಬರುವವರೆಗೂ ಬಿಡಲಿಲ್ಲ.

ನೀಲಿ ದೋಣಿಯಲ್ಲಿ ಟೀ ಕುಡಿಯುತ್ತ ಆ ಮುದುಕರನ್ನು ಕೇಳಿದೆ, ಅಷ್ಟು ಬೇಗ ಹೇಗೆ ಬಂದಿರಿ ಎಂದು. ಅವರು ನೊರೆ ಒರೆಸಿಕೊಳ್ಳುತ್ತ ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದರು: ಎದ್ದ ಕೂಡಲೇ ಎಲ್ಲರೂ ಎಲ್ಲರ ಹೊಗೆಕೊಳವೆ ನೋಡುತ್ತೇವೆ, ಚಳಿಗಾಲದಲ್ಲಿ ಯಾರದ್ದು ಹೊಗೆಯಾಡುತ್ತಿಲ್ಲವೋ ಅವರ ಬಾಗಿಲು ತಟ್ಟುತ್ತೇವೆ. ಇವತ್ತು ನಿಮ್ಮ ಹೊಗೆ ಸ್ವಲ್ಪ ಜಾಸ್ತಿಯಾಗಿತ್ತು, ಮೇಡಂ.

ಆ ಭಾನುವಾರ ತಮ್ಮ ಫೋನು ಮಾಡಿದ. "ಏನಂದ್ಲಕ್ಕ? ಬತ್ತಾಳಾ?"

"ಇಲ್ಲ ಕಣೋ. ಅವಳು ಇಲ್ಲಿ ಒಬ್ಬಳೇ ಇಲ್ಲ. ಆ ರೂಮಿಗೆ ನಾನೇ ಬರ್ತೀನಿ ಬಿಡು."

"ಸರಿ ಬುಡು, ಕಮೋಡ್ ವೇಸ್ಟ್ ಆಗಾಕಿಲ್ಲ" ಅಂದ.

ಊರಿಗೆ ಬಾ ಅಂತ ಇನ್ನು ಕೇಳುವುದಿಲ್ಲ ಎಂದು ತಂಗಿಗೆ ಹೇಳಿದೆ. "ಅಬ್ಬಾ! ನೀನ್ ಕೇಳ್ತೀಯಾ ಅಂತ್ಲೇ ದಿನಾ ಅಂಗಡಿಗೆ ಓಡ್ತಿದ್ದೆ ಕಣಕ್ಕ. ನೋಡು, ಎಷ್ಟ್ ಬ್ರೆಡ್ ಬಿದ್ದದೆ" ಅಂದಳು. ಉಳಿದ ದಿನಗಳನ್ನು ಆ ಬ್ರೆಡ್ಡು ತಿನ್ನುತ್ತ, ಮಳೆ ನೋಡುತ್ತ, ಬಹಳ ಸುಖವಾಗಿ ಕಳೆದೆವು.

ಈಗ ನಾನು ತಮ್ಮ ಕಟ್ಟಿಸಿದ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ವಾಪಸು ಬಂದ ಮರುವರ್ಷ, ಚಳಿಗಾಲದ ಒಂದು ಬೆಳಗ್ಗೆ ತಂಗಿಯ ದೋಣಿಯಲ್ಲಿ ಹೊಗೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಪಕ್ಕದ ದೋಣಿಯವರು ಬೆಳಕು ಹರಿಯುತ್ತಿದ್ದಂತೆಯೇ ಬಾಗಿಲು ತಟ್ಟಿದರಂತೆ.

ನಾನು ಅಲ್ಲಿಂದ ಹೊರಟ ದಿನ ಅವಳು ಬಸ್‌ಸ್ಟಾಪಿನವರೆಗೆ ಬರಲಿಲ್ಲ. "ಬಸ್ಸು ಗುಡ್ಡ ಅತ್ತೋವಾಗ ಎಡಗಡೆ ಕಿಟ್ಕೀಲಿ ನೋಡ್ತಿರು" ಅಂದಿದ್ದಳು. ನೋಡಿದೆ. ಮಳೆಯಲ್ಲಿ ದೋಣಿಯ ಮೇಲೆ ಹಳದಿ ರೇನ್‌ಕೋಟು ತೊಟ್ಟು ನಿಂತಿದ್ದಳು. ಒಲೆಗೆ ಕಲ್ಲಿದ್ದಲು ಚೆನ್ನಾಗಿಯೇ ತುಂಬಿರಬೇಕು, ಕೊಳವೆಯಿಂದ ದಟ್ಟವಾಗಿ ಹೊಗೆ ಏಳುತ್ತಿತ್ತು. ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯೆತ್ತಿ ಆ ಹೊಗೆಯನ್ನು ನನಗೆ ತೋರಿಸುತ್ತಿದ್ದಳು.